ಸುನಂದಾಳ ಬೆನ್ನಿಗೆ ನಿಂತವರು

ಕೈಯಿಂದ ಮುಟ್ಟಿ, ತಿರುಗಿಸಿ ನೋಡಿ ಖಾತ್ರಿ ಮಾಡಿಕೊಳ್ಳಲಾಗದ ಯಾವ ಸಂಗತಿಯನ್ನೂ ನಾನು ನಂಬಿದವನಲ್ಲ. ಅಥಣಿಯಲ್ಲಿ ಹಳೆಯ ಡೀಸೆಲ್ ಇಂಜಿನ್ ಕೊಂಡು, ರಿಪೇರಿ ಮಾಡಿಸಿ ಮಾರುವುದು ನನ್ನ ಉದ್ಯೋಗ. ಕುಡಚಿ ಸ್ಟೇಷನ್ನಿನಲ್ಲಿ ಬಾಳೆಹಣ್ಣು ಮಾರುತ್ತ ಬೆಳೆದವನು ಒಂದು ಅಂಗಡಿಯ ಮಾಲೀಕನಾದದ್ದು ನಂಬಿಕೆಯಿಂದಲ್ಲ, ಅನುಮಾನದಿಂದ. ಹೊಳೆಸಾಲಿನ ರೈತರಿಗೆ ಇವತ್ತಿಗೂ ಹೇಳುತ್ತೇನೆ: ಇಂಜಿನ್ನಿನ ಬಣ್ಣಕ್ಕೆ ಮರುಳಾಗಬೇಡಿ, ತಣ್ಣಗಿದ್ದಾಗ ಒಮ್ಮೆ, ಕಾದಾಗ ಒಮ್ಮೆ ಚಾಲೂ ಮಾಡಿಸಿ ನೋಡಿ, ಮಾರುವವನ ಮಾತು ಬಿಟ್ಟು ಹೊಗೆಯ ಕಡೆ ನೋಡಿ. ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳಲು ಶುರುಮಾಡಿದರೆ ಮನಸ್ಸಿನಲ್ಲೇ ಇದೇ ಪರೀಕ್ಷೆ ಮಾಡುತ್ತಿದ್ದೆ. ಪ್ರತಿ ಸಲವೂ ಹೊಗೆ ಕಪ್ಪಾಗಿಯೇ ಕಾಣುತ್ತಿತ್ತು. ಈಗ ನಾನೇ ಒಂದನ್ನು ಬರೆಯಲು ಕೂತಿದ್ದೇನೆ. ಓದುವವರು ನನ್ನನ್ನೂ ಹಾಗೆಯೇ ಪರೀಕ್ಷಿಸಲಿ, ನನ್ನದೇನೂ ತಕರಾರಿಲ್ಲ.

ಇನ್ನೊಂದರ ಮೇಲೂ ನನಗೆ ನಂಬಿಕೆ ಇರಲಿಲ್ಲ. ಅದು ಫೋಟೋ. ಮದುವೆಯಲ್ಲಿ, ತೊಟ್ಟಿಲ ಶಾಸ್ತ್ರದಲ್ಲಿ, ಬಸುರಿಯ ಕುಬಸದಲ್ಲಿ ಕ್ಯಾಮೆರಾದವನನ್ನು ಕರೆಸಿ ಅವನ ಮುಂದೆ ಮೈ ಬಿಗಿದುಕೊಂಡು ನಿಲ್ಲುವವರನ್ನು ಕಂಡರೆ ನಗು ಬರುತ್ತಿತ್ತು. ಒಂದು ಸಮಾರಂಭ ಚೆನ್ನಾಗಿ ಆಯಿತೆಂದರೆ ಬಂದವರ ತಲೆಯಲ್ಲಿ ಅದು ಉಳಿಯುತ್ತದೆ, ಉಳಿಯದಿದ್ದರೆ ಅದನ್ನು ಕಾಗದದ ಮೇಲೆ ಅಚ್ಚುಹಾಕಿಸಿ ಏನು ಪ್ರಯೋಜನ ಎಂಬುದು ನನ್ನ ವಾದವಾಗಿತ್ತು.

ಈ ವಾದಕ್ಕೆ ಮೊದಲು ಪೆಟ್ಟು ಕೊಟ್ಟವಳು ನನ್ನ ಅಕ್ಕನ ಮಗಳು ಸುನಂದಾ. ಅಕ್ಕನನ್ನು ಐಗಳಿ ಎಂಬ ಊರಿಗೆ ಕೊಟ್ಟಿತ್ತು. ನಮ್ಮ ಭಾವ ಜ್ವರ ಬಂದು ತೀರಿಕೊಂಡಾಗ ಸುನಂದಾ ಇನ್ನೂ ಹಾಲು ಕುಡಿಯುವ ಕೂಸು. ಭಾವನ ಒಂದೇ ಒಂದು ಫೋಟೋ ಮನೆಯಲ್ಲಿ ಇರಲಿಲ್ಲ. ಅವರ ಮದುವೆಯಲ್ಲಿ ಯಾರೂ ತೆಗೆಸಿರಲಿಲ್ಲ, ಆಮೇಲೆ ಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಹುಡುಗಿ ದೊಡ್ಡವಳಾಗುತ್ತ ಅಪ್ಪ ಹೇಗಿದ್ದ ಎಂದು ಕೇಳತೊಡಗಿದಳು. ನಾನು ಎತ್ತರದ ಆಳು ಎನ್ನುತ್ತಿದ್ದೆ. ಪಕ್ಕದ ಮನೆಯ ಬಾಳಗೊಂಡಕಾಕಾ, “ಎತ್ತರ ಎಲ್ಲಿಂದು? ನನ್ನಷ್ಟ ಇದ್ದ” ಎನ್ನುತ್ತಿದ್ದ. ಮೂಗಿನ ವಿಷಯದಲ್ಲಿ ನಮ್ಮಿಬ್ಬರಿಗೆ ಜಗಳವೇ ಆಗಿತ್ತು. ಅಕ್ಕ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ನಾವು ಹೇಳಿದ್ದನ್ನೆಲ್ಲ ಕೇಳಿ, ಒಳಗೆ ಎದ್ದು ಹೋಗುತ್ತಿದ್ದಳು.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಬೇಸಿಗೆಯಲ್ಲಿ ಸುನಂದಾಳಿಗೆ ರಾಯಬಾಗದ ಕಡೆ ಗಂಡು ಗೊತ್ತಾಯಿತು. ಮಾತುಕತೆ ಮುಗಿಸಿ ಬಂದ ದಿನ ಅವಳು ನನ್ನ ಮುಂದೆ ನೀರಿನ ತಂಬಿಗೆ ಇಟ್ಟು ನಿಂತಳು.

“ಮಾಮಾ, ಎಲ್ಲಾದ್ರಾಗೂ ಚೌಕಾಶಿ ಮಾಡ್ರಿ, ಫೋಟೋದಾಗ ಮಾಡಬ್ಯಾಡ್ರಿ. ಬಣ್ಣದ ಫೋಟೋನ ತಗಸ್ರಿ.”

“ಯಾಕವ್ವಾ? ನಿನ್ನ ಮಾರಿ ನಿನಗ ಕನ್ನಡ್ಯಾಗ ಕಾಣಂಗಿಲ್ಲೇನು?”

“ನನ್ನ ಮಾರಿ ಅಲ್ರಿ. ನಾಳೆ ನನ್ನ ಮಕ್ಕಳು, ಅವ್ವಾ ನಿನ್ನ ಬೆನ್ನಿಗೆ ಯಾರ ಇದ್ರು ಅಂತ ಕೇಳಿದ್ರ ತೋರಸಾಕ ಒಂದು ಮಾರಿ ಬೇಕಲ್ರಿ? ನಿಮ್ಮ ಮಾರಿ.”

ಅವಳ ಮಾತಿನ ತೂಕ ತಿಳಿಯಬೇಕಾದರೆ ನಮ್ಮ ಕಡೆಯ ಪದ್ಧತಿ ಹೇಳಬೇಕು. ಮದುಮಗಳನ್ನು ಕೈಹಿಡಿದು ಮಂಟಪಕ್ಕೆ ಕರೆತರುವವನು ಸೋದರಮಾವ. ಮಂಗಲಾಷ್ಟಕ ಮುಗಿದು ಅಕ್ಕಿಕಾಳು ಬೀಳುವವರೆಗೆ ಅವಳ ಹೆಗಲ ಮೇಲೆ ಕೈಯಿಟ್ಟು ಬೆನ್ನಿಗೆ ನಿಲ್ಲುವವನೂ ಅವನೇ. ನಮ್ಮ ಮನೆತನದಲ್ಲಿ ಇನ್ನೊಂದು ಕೆಲಸ ಕೂಡ ಅವನದು. ಹುಡುಗಿ ತವರಿನ ಹೊಸ್ತಿಲು ದಾಟುವ ಮೊದಲು ಅಜ್ಜಿಯ ಕಾಲದ ಬಂಗಾರದ ಬೋರಮಾಳ ಸರವನ್ನು ಅವಳ ಕೊರಳಿಗೆ ಅವನು ಹಾಕಬೇಕು. ಅಕ್ಕ ವಿಧವೆ. ಆಗಿನ ರೂಢಿಯಂತೆ ಅವಳು ಮಂಟಪದ ಮುಂದೆ ಬರುವಂತಿರಲಿಲ್ಲ. ಅಪ್ಪನ ಪಾಲು, ಅವ್ವನ ಪಾಲು ಎರಡೂ ನನ್ನ ಹೆಗಲಿಗೇ ಬಂದಿದ್ದವು.

ಹೀಗಾಗಿ ಮಿರಜಿನ ಒಬ್ಬ ಫೋಟೋಗ್ರಾಫರನನ್ನು ಗೊತ್ತು ಮಾಡಿದೆ. ಮದುವೆಯ ಹಿಂದಿನ ದಿನ ಅವನಿಂದ ಬರಲಾಗುವುದಿಲ್ಲ ಎಂಬ ಸುದ್ದಿ ಬಂತು. ಸುನಂದಾಳ ಮುಖ ನೋಡಲಾಗದೆ ನಾನೇ ಮಿರಜಿಗೆ ಹೋದೆ. ಅವನು ದೊಡ್ಡ ಮನೆಯವರ ಮದುವೆಗೆ ಹೋಗಿಬಿಟ್ಟಿದ್ದ. ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ, ಕೆಲಸಕ್ಕೆ ಬರುತ್ತದೆ. ಮದುವೆ ಸೀಜನ್ನಿನಲ್ಲಿ ಬೇರೆ ಊರಿನ ಫೋಟೋದವನನ್ನು ನಂಬಬೇಡಿ. ನಿಮ್ಮ ಊರಿನವನನ್ನೇ ಹಿಡಿಯಿರಿ, ಮುಹೂರ್ತದ ಹಿಂದಿನ ರಾತ್ರಿ ಅವನಿಗೆ ನಿಮ್ಮ ಮನೆಯಲ್ಲೇ ಊಟ ಹಾಕಿ ಮಲಗಿಸಿ. ಬೇರೆ ಯಾರನ್ನಾದರೂ ಹುಡುಕೋಣವೆಂದು ಅಲೆದು, ಸಿಗದೆ, ಬೆಳಗಾಗುತ್ತಲೇ ಕಾಗವಾಡ ಕಡೆ ಹೊರಟಿದ್ದ ಒಂದು ಟೆಂಪೋ ಹತ್ತಿದೆ. ಮ್ಹೈಸಾಳ ದಾಟುವ ಮೊದಲೇ ರಸ್ತೆ ಬಂದ್. ಗಡಿಯ ಗಲಾಟೆ. ರಸ್ತೆಗೆ ಅಡ್ಡ ಕಲ್ಲು, ಟಾಯರು, ಎರಡೂ ಕಡೆ ಲಾರಿಗಳ ಸಾಲು. ನಡೆದುಕೊಂಡಾದರೂ ದಾಟುತ್ತೇನೆಂದು ಹೋದವನನ್ನು ಹುಡುಗರ ಗುಂಪು ತಡೆದು ಹಿಂದಕ್ಕೆ ಕಳಿಸಿತು. ಗಂಟಲು ಹರಿಯುವ ಹಾಗೆ ಮರಾಠಿಯಲ್ಲಿ ಬೇಡಿಕೊಂಡೆ. ಮಾತಿನಿಂದಲೇ ಬದುಕು ಕಟ್ಟಿಕೊಂಡವನ ಮಾತು ಅವತ್ತು ನಡೆಯಲಿಲ್ಲ.

ಮುಹೂರ್ತದ ಹೊತ್ತಿಗೆ ನಾನು ರಸ್ತೆ ಪಕ್ಕದ ಒಂದು ಬೇವಿನ ಮರದ ಕೆಳಗೆ ಕೂತಿದ್ದೆ. ಇದು ನನಗೆ ಸ್ಪಷ್ಟವಾಗಿ ನೆನಪಿದೆ. ಟೆಂಪೋ ಡ್ರೈವರ್ ಪಕ್ಕದಲ್ಲೇ ಟವೆಲ್ ಹಾಸಿ ಮಲಗಿದ್ದ. ಕೈಗಡಿಯಾರ ನೋಡಿಕೊಂಡೆ. ಈಗ ಅಂತರಪಟ ಹಿಡಿದಿರುತ್ತಾರೆ, ಸುನಂದಾ ತಲೆ ಬಗ್ಗಿಸಿ ನಿಂತಿರುತ್ತಾಳೆ, ಅವಳ ಹೆಗಲ ಮೇಲೆ ಯಾರೂ ಕೈಯಿಟ್ಟಿಲ್ಲ ಎಂದು ನೆನೆದೆ. ಕಣ್ಣು ಮುಚ್ಚಿಕೊಂಡೆ. ನಿದ್ದೆ ಬರಲಿಲ್ಲ, ಕನಸೂ ಬೀಳಲಿಲ್ಲ. ಸುಮ್ಮನೆ ಕೂತಿದ್ದೆ, ಅಷ್ಟೇ. ಡ್ರೈವರ್ ಎದ್ದು ಬೀಡಿಗೆ ಬೆಂಕಿಪೆಟ್ಟಿಗೆ ಕೇಳಿದ, ಇಲ್ಲವೆಂದೆ.

ಇಳಿಹೊತ್ತಿನಲ್ಲಿ ದಾರಿ ತೆರೆಯಿತು. ಅಥಣಿಗೆ ಬಂದು, ಪರಿಚಯದವನೊಬ್ಬನ ಮೋಟಾರ್‌ಸೈಕಲ್ ಇಸಿದುಕೊಂಡು ಐಗಳಿ ಮುಟ್ಟಿದಾಗ ಬಿಸಿಲು ಕೆಂಪಾಗಿತ್ತು. ನಾವು ಜೈನರು, ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕು. ಪಂಕ್ತಿಗಳು ಎದ್ದಿದ್ದವು. ಬೀಗರ ಜೀಪು ಮನೆಯ ಮುಂದೆ ಚಾಲೂ ಆಗಿಯೇ ನಿಂತಿತ್ತು. ನೂರು ಜನ ನನ್ನ ಮೇಲೆ ಬೀಳುತ್ತಾರೆ ಎಂದು ಗಟ್ಟಿ ಮನಸ್ಸು ಮಾಡಿಕೊಂಡು ಒಳಗೆ ಕಾಲಿಟ್ಟೆ. ಯಾರೂ ಮೇಲೆ ಬೀಳಲಿಲ್ಲ. ಬಾಳಗೊಂಡಕಾಕಾ ಎಲೆಯಡಿಕೆ ಜಗಿಯುತ್ತ ನಕ್ಕ.

“ಏನೋ, ಅಕ್ಕಿಕಾಳ ಬಿದ್ದಕೂಡ್ಲೆ ಮಾಯ ಆದಿ! ಊಟಕ್ಕ ಹುಡುಕಿ ಹುಡುಕಿ ಸಾಕಾತು. ಎಲ್ಲೆರ ಹಳೇ ಇಂಜಿನ್ ಕಂಡಿತ್ತೇನು? ಫೇಟಾ ಎಲ್ಲಿ ಒಗದ ಬಂದಿ?”

ಸುತ್ತಲಿದ್ದವರೂ ನಕ್ಕರು. ನಮ್ಮ ಕಡೆ ಬೈಗುಳ ಹೀಗೆ ನಗೆಯ ವೇಷದಲ್ಲೇ ಬರುತ್ತದೆ. ತಪ್ಪಿಸಿಕೊಂಡವನಿಗೆ ಚುಚ್ಚುತ್ತಿದ್ದಾರೆ ಎಂದುಕೊಂಡು ತಲೆ ತಗ್ಗಿಸಿ ಮುಂದೆ ಹೋದೆ. ಖೋಲಿಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ, ಅವಸರ ಇತ್ತು.

“ತಮ್ಮಾ, ಬೋರಮಾಳ ತಾ ಲಗೂನ. ಬೀಗರು ಹೊಂಟ ನಿಂತಾರ.”

“ಯಾವ ಬೋರಮಾಳ?”

“ಚ್ಯಾಷ್ಟಿ ಬ್ಯಾಡೋ ಈಗ. ಮುಂಜಾನೆ ಇದ ಬಾಗಲದಾಗ ನಿನ್ನ ಕೈಯಾಗ ಕೊಟ್ನೆಲ್ಲ!”

ನನ್ನ ಕಿವಿಯಲ್ಲಿ ಜೀಪಿನ ಸದ್ದೊಂದೇ ಉಳಿಯಿತು. ಅಕ್ಕ ನನ್ನ ಧೂಳು ಹಿಡಿದ ಅಂಗಿಯನ್ನು ಆಗ ನೋಡಿದಳು. ಅವಳ ಮುಖದ ಅವಸರ ಆರಿಹೋಯಿತು. ಅಷ್ಟರಲ್ಲಿ ಬೀಗತಿ, ಅಂದರೆ ಗಂಡಿನ ತಾಯಿ, ಹತ್ತಿರ ಬಂದು, “ಏನ್ರಿ, ಮಾಮಾಗಳ ಕೈ ಇನ್ನೂ ಖಾಲಿ ಐತೆಲ್ರಿ?” ಎಂದಳು. ಅರ್ಧ ಚೇಷ್ಟೆ, ಅರ್ಧ ಅಲ್ಲ.

ಮೊದಲು ಹೊಳೆದದ್ದು ಕಳ್ಳ. ಮದುವೆಮನೆಯಲ್ಲಿ ಮಾನದ ಗಂಡಸರಿಗೆಲ್ಲ ತಲೆಗೆ ಒಂದೇ ಬಣ್ಣದ ಫೇಟಾ ಸುತ್ತುತ್ತಾರೆ, ಹಣೆಗೆ ಗಂಧ ಹಚ್ಚುತ್ತಾರೆ, ಹೆಗಲಿಗೆ ಶಾಲು ಹಾಕುತ್ತಾರೆ. ಆಮೇಲೆ ಯಾರು ಯಾರೆಂದು ಹೆತ್ತವರಿಗೂ ತಿಳಿಯುವುದಿಲ್ಲ. ಯಾವನೋ ನನ್ನ ಹೆಸರಿನಲ್ಲಿ ನಿಂತು ಬಂಗಾರ ಹೊಡೆದಿದ್ದಾನೆ. ಆದರೆ ಹಾಗೆಂದು ಕೂಗಿದರೆ? ವಿಧವೆ ಹೆಣ್ಣುಮಗಳು ಮನೆಯ ಬಂಗಾರವನ್ನು ಪರಗಂಡಸಿನ ಕೈಗೆ ಕೊಟ್ಟಳಂತೆ, ಮದುಮಗಳ ಹೆಗಲ ಮೇಲೆ ಯಾವನೋ ಕೈಯಿಟ್ಟಿದ್ದನಂತೆ ಎಂಬ ಮಾತು ಜೀಪಿಗಿಂತ ಮೊದಲು ರಾಯಬಾಗ ಮುಟ್ಟುತ್ತಿತ್ತು. ಕೂಗದಿದ್ದರೆ ಅಣ್ಣತಮ್ಮಂದಿರಿಲ್ಲದ ಹುಡುಗಿ ಬರಿಗೊರಳಲ್ಲಿ ಹೊಸ್ತಿಲು ದಾಟಬೇಕು. ಎರಡೂ ಕಡೆ ನಷ್ಟವಿರುವ ಇಂಥ ವ್ಯವಹಾರದಲ್ಲಿ ಮೊದಲು ಒಂದಿಷ್ಟು ಹೊತ್ತು ಸಂಪಾದಿಸಿಕೊಳ್ಳಬೇಕು. “ಈಗ ತಂದೆ” ಎಂದು ಹೇಳಿ ಹಿತ್ತಿಲಿಗೆ ನಡೆದೆ.

ಹಿತ್ತಿಲಲ್ಲಿ ಮಾಡುವುದೇನೂ ಇರಲಿಲ್ಲ. ಆಗ ಒಂದು ಹುಚ್ಚು ಲೆಕ್ಕ ತಲೆಯಲ್ಲಿ ಬಂತು. ಅದು ನಿಜವಾಗಿ ನಾನೇ ಆಗಿದ್ದರೆ, ಇಷ್ಟು ಜನರ ನಡುವೆ ನನ್ನ ಕೈಗೆ ಬಂಗಾರ ಬಂದಿದ್ದರೆ, ಎಲ್ಲಿ ಇಡುತ್ತಿದ್ದೆ?

ಬೆಲೆಬಾಳುವ ವಸ್ತುವನ್ನು ನಾನು ಪೆಟ್ಟಿಗೆ, ಕಪಾಟುಗಳಲ್ಲಿ ಇಟ್ಟವನಲ್ಲ. ಕಳ್ಳ ಮೊದಲು ಕೈಹಾಕುವುದೇ ಅಲ್ಲಿ. ಖರೀದಿಗೆ ಊರೂರು ತಿರುಗುವಾಗ ಇಳಿದುಕೊಂಡ ಮನೆಯ ದನದ ಕೊಟ್ಟಿಗೆಯಲ್ಲಿ ಹಿಂಡಿಯ ಚೀಲಗಳಿದ್ದರೆ, ಎರಡನೆಯ ಚೀಲದ ಕೆಳಗೆ, ಗೋಡೆಯ ಬದಿಗೆ ತೂರಿಸಿಡುತ್ತಿದ್ದೆ. ಶೇಂಗಾ ಹಿಂಡಿಯಲ್ಲಿ ಯಾರೂ ಬಂಗಾರ ಹುಡುಕುವುದಿಲ್ಲ. ಈ ಗುಟ್ಟನ್ನು ನನ್ನ ಹೆಂಡತಿಗೂ ಹೇಳಿರಲಿಲ್ಲ. ಅಕ್ಕನ ಮನೆಯಲ್ಲಂತೂ ಹಾಗೆ ಏನನ್ನೂ ಇಟ್ಟಿರಲಿಲ್ಲ.

ಕೊಟ್ಟಿಗೆಗೆ ಹೋದೆ. ಮೂಲೆಯಲ್ಲಿ ಹಿಂಡಿಯ ಚೀಲಗಳು ಒಂದರ ಮೇಲೊಂದು ಇದ್ದವು. ಎರಡನೆಯದರ ಕೆಳಗೆ, ಗೋಡೆಯ ಬದಿಗೆ ಕೈ ತೂರಿಸಿದೆ. ಬೆರಳಿಗೆ ಬಟ್ಟೆ ತಾಗಿತು.

ಎಳೆದು ನೋಡಿದರೆ ಗುಲಾಬಿ ಬಣ್ಣದ ಫೇಟಾದ ಒಂದು ಹರಿದ ತುಂಡು. ಒಳಗೆ ಬೋರಮಾಳ. ಸಿಕ್ಕಿತೆಂಬ ಸಂತೋಷ ನನಗೆ ಆಗಲಿಲ್ಲ, ಏಕೆಂದರೆ ನಾನು ಆ ಗಂಟನ್ನು ನೋಡುತ್ತಿದ್ದೆ. ತುದಿಗಳನ್ನು ಒಳಗೆ ಮಡಚಿ, ಎಳೆದಷ್ಟೂ ಬಿಗಿಯಾಗುವ ಹಾಗೆ ಹಾಕಿದ ಗಂಟು. ಇಂಜಿನ್ನಿನ ಸಣ್ಣ ಸಾಮಾನುಗಳನ್ನು ನಾನು ಕಟ್ಟುವುದು ಹಾಗೆಯೇ. ಬಿಚ್ಚುವ ದಾರಿ ಗೊತ್ತಿಲ್ಲದವರು ಹಲ್ಲು ಹಚ್ಚಬೇಕಾಗುತ್ತದೆ. ನನ್ನ ಬೆರಳುಗಳು ನನ್ನನ್ನು ಕೇಳದೆಯೇ ಅದನ್ನು ಬಿಚ್ಚಿದವು.

ಬೋರಮಾಳವನ್ನು ಸುನಂದಾಳ ಕೊರಳಿಗೆ ಹಾಕಿದೆ. ಬೀಗತಿಯ ಮುಖ ಸಡಿಲಾಯಿತು. ಅಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಸುನಂದಾ ನನ್ನ ಕಾಲಿಗೆ ಬಿದ್ದು, ಎದ್ದು, ನನ್ನ ಕೈ ಹಿಡಿದುಕೊಂಡು ಅಳುತ್ತ ಒಂದು ಮಾತು ಹೇಳಿದಳು.

“ಈಗ ಬೆಚ್ಚಗಾದುವು ನೋಡ್ರಿ ಮಾಮಾ ನಿಮ್ಮ ಕೈ. ಮಂಟಪದಾಗ ಹೆಗಲ ಮ್ಯಾಲ ಇಟ್ಟಾಗ ಎಷ್ಟ ತಣ್ಣಗಿದ್ದುವು. ನೀವೂ ನನ್ನಂಗ ಅಂಜಿದ್ರೇನು?”

ಜೀಪು ಹೋಯಿತು. ಅಕ್ಕನನ್ನು ಖೋಲಿಗೆ ಕರೆದುಕೊಂಡು ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮ್ಹೈಸಾಳ, ಲಾರಿಗಳು, ಬೇವಿನ ಮರ.

“ಹಂಗಾದರ ನಾ ಯಾರ ಕೈಯಾಗ ಕೊಟ್ನೋ ತಮ್ಮಾ?”

ಆ ಸಂಜೆಯೇ ಒಬ್ಬೊಬ್ಬರನ್ನಾಗಿ ವಿಚಾರಿಸಿದೆ. ಅಕ್ಕ ಬಾಗಿಲು ಅರ್ಧ ಮುಚ್ಚಿಕೊಂಡು ಕತ್ತಲಲ್ಲಿದ್ದಳು, ಹೊರಗಿನಿಂದ ಕೈ ಚಾಚಿತು, ಅವಳು ಕೊಟ್ಟಳು. ಸುನಂದಾ ಬಾಸಿಂಗದ ಕೆಳಗೆ ತಲೆ ಬಗ್ಗಿಸಿದ್ದಳು. ಮಂತ್ರ ಹೇಳಿದ ಉಪಾಧ್ಯೆಯವರು ಪುಸ್ತಕ ನೋಡುತ್ತಿದ್ದರು. ಫೇಟಾ ಸುತ್ತಿದವನು ಬೀಗರ ಕಡೆಯವನು, ನನ್ನ ಗುರುತೇ ಇಲ್ಲದವನು. ಮಾಮಾ ಯಾಕೆ ಮಾತಾಡಲಿಲ್ಲ ಎಂದು ಯಾರೂ ಕೇಳಿರಲಿಲ್ಲ. ಮೌನವ್ರತ ಹಿಡಿದಿರಬೇಕು ಎಂದು ತಾವೇ ಅಂದುಕೊಂಡಿದ್ದರು. ನನ್ನನ್ನು ನೋಡಿದೆವೆಂದು ಎಲ್ಲರೂ ಹೇಳಿದರು, ಮುಖ ನೋಡಿದೆನೆಂದು ಆಣೆ ಮಾಡುವವನು ಒಬ್ಬನೂ ಸಿಗಲಿಲ್ಲ. ನಾನು ಅಲ್ಲಿರಲಿಲ್ಲವೆಂದು ಬಾಳಗೊಂಡಕಾಕಾನಿಗೆ ಹೇಳಿದರೆ, “ಬ್ಯಾಪಾರಸ್ಥ ನೋಡಪಾ, ಎರಡೂ ಕಡೆ ಹಾಜರಿ ಹಾಕ್ಸ್ಯಾನ” ಎಂದು ನಕ್ಕು ಎಲ್ಲರಿಗೂ ಹೇಳಿಕೊಂಡು ತಿರುಗಿದ.

ಉಳಿದದ್ದು ಫೋಟೋ ಒಂದೇ. ಬೀಗರು ತಾವೇ ಒಬ್ಬ ಫೋಟೋಗ್ರಾಫರನನ್ನು ಕರೆತಂದಿದ್ದರೆಂದು ಆಮೇಲೆ ತಿಳಿಯಿತು. ಫೋಟೋ ಎಂದರೆ ನಗುತ್ತಿದ್ದವನು ಈಗ ಅದಕ್ಕಾಗಿ ನಿದ್ದೆಗೆಟ್ಟೆ. ಬಣ್ಣದ ರೋಲು ತೊಳೆಯಲು ಕೊಲ್ಲಾಪುರಕ್ಕೆ ಹೋಗಿ ಬರಬೇಕಾಗಿತ್ತು. ಅಷ್ಟು ದಿನ ಅಕ್ಕ, ನಾನು ಹೋದಾಗಲೆಲ್ಲ, ನೀರು ಕೊಡುವಾಗ, ರೊಟ್ಟಿ ಬಡಿಯುವಾಗ, ಅದೇ ಮಾತು ಕೇಳುತ್ತಿದ್ದಳು. “ಯಾರ ಕೈಯಾಗ ಕೊಟ್ನೋ?” ಅವಳು ಸೊರಗಿದಳು. ಖೋಲಿಯ ಬಾಗಿಲನ್ನು ಹಗಲಿನಲ್ಲೂ ಚಿಲಕ ಹಾಕಿಕೊಳ್ಳತೊಡಗಿದಳು. ಮಗಳ ಹೆಗಲ ಮೇಲೆ ಕೈಯಿಟ್ಟವನು ಎಂಥವನೋ, ಅವಳ ಸಂಸಾರಕ್ಕೆ ಏನು ಕೇಡೋ ಎಂಬ ಹೆದರಿಕೆ ಅವಳನ್ನು ಒಳಗೊಳಗೇ ತಿನ್ನುತ್ತಿತ್ತು. ಆ ಹೆದರಿಕೆಯನ್ನು ನಾನು ಮಾತಿನಿಂದ ಇಳಿಸಲಾರದೆ ಹೋದೆ.

ಫೋಟೋ ಬಂದ ಸುದ್ದಿ ಸಿಕ್ಕಿದ ದಿನವೇ ರಾಯಬಾಗಕ್ಕೆ ಹೋದೆ. ಫೋಟೋಗ್ರಾಫರ್ ಲವಲವಿಕೆಯ ಮನುಷ್ಯ. ಅಂಗಡಿಯ ಗಾಜಿನ ಮೇಜಿನ ಮೇಲೆ ಒಂದೊಂದಾಗಿ ಹರವಿದ. ಕೊನೆಗೆ ಮಂಟಪದ್ದು ಬಂತು. ಸುನಂದಾ ತಲೆ ಬಗ್ಗಿಸಿದ್ದಾಳೆ. ಅವಳ ಬೆನ್ನಿಗೆ ಗುಲಾಬಿ ಫೇಟಾದ ಒಬ್ಬ ಗಂಡಸು. ಹಾರಿದ ಅಕ್ಕಿಕಾಳು ಮತ್ತು ಫ್ಲಾಷಿನ ಬೆಳಕು ಸೇರಿ ಮುಖದ ಒಂದು ಬದಿ ಬಿಳಿಯಾಗಿದೆ, ಇನ್ನೊಂದು ಬದಿಗೆ ಫೇಟಾದ ನೆರಳು. ದವಡೆ ನನ್ನದು ಎಂದರೆ ನನ್ನದು, ಅಲ್ಲವೆಂದರೆ ಅಲ್ಲ. ನನ್ನ ಎಡಗೈಯ ತೋರುಬೆರಳಿನ ತುದಿ ಇಂಜಿನ್ನಿನ ಬೆಲ್ಟಿಗೆ ಸಿಕ್ಕು ತುಂಡಾಗಿ ಹೋಗಿದೆ. ಅದನ್ನು ಹುಡುಕಿದೆ. ಹೆಗಲ ಮೇಲಿನ ಎಡಗೈ ಸ್ಪಷ್ಟವಾಗಿ ಕಾಣುತ್ತಿತ್ತು. ಆ ಒಂದು ಬೆರಳಿನ ಮೇಲೆ ಮಾತ್ರ ಬಾಸಿಂಗದ ಹೂವಿನ ಎಳೆ ಇಳಿಬಿದ್ದಿತ್ತು.

“ಇಂವ ಯಾರ್ರಿ?” ಎಂದು ಬೆರಳಿಟ್ಟು ಕೇಳಿದೆ.

ಅವನು ಫೋಟೋ ನೋಡಿದ, ನನ್ನನ್ನು ನೋಡಿದ. “ಅಣ್ಣಾರ, ನಾನು ನೋಡೋದು ಮದುಮಕ್ಕಳನ್ನ. ಹಿಂದ ನಿಂತವ್ರದು ರುಂಡ ಕಟ್ ಆಗಬಾರ್ದು, ಇಷ್ಟ ನೋಡತೀನಿ. ಯಾರಂತ ನೀವ ಹೇಳಬೇಕು, ಮನೆಯವ್ರು.”

ಮೊದಲ ಹಬ್ಬಕ್ಕೆ ಸುನಂದಾ ತವರಿಗೆ ಬಂದಾಗ ಫೋಟೋಗಳನ್ನು ತೆಗೆದುಕೊಂಡು ಐಗಳಿಗೆ ಹೋದೆ. ಅವಳು ಸುಖವಾಗಿದ್ದಳು, ಮೈ ತುಂಬಿಕೊಂಡಿದ್ದಳು. ಮಂಟಪದ ಫೋಟೋ ಕೈಗೆ ಬಂದದ್ದೇ ಕೂಗಿದಳು. “ಅವ್ವಾ, ನೋಡಬಾ, ಮಾಮಾ ಎಷ್ಟ ಗಂಭೀರ ನಿಂತಾರ!” ಅಕ್ಕ ಕೈ ಒರೆಸಿಕೊಂಡು ಬಂದಳು. ಫೋಟೋವನ್ನು ಬಾಗಿಲ ಬೆಳಕಿಗೆ ಹಿಡಿದಳು. ಬಹಳ ಹೊತ್ತು ನೋಡಿದಳು. ಅವಳ ತುಟಿ ಒಮ್ಮೆ ಅಲುಗಿತು. ಆಮೇಲೆ ಸೆರಗಿನಿಂದ ಅದರ ಮೇಲಿನ ನನ್ನ ಬೆರಳಿನ ಗುರುತನ್ನು ಒರೆಸಿದಳು.

“ಫೇಟಾ ಚೊಲೊ ಕುಂತೈತಿ” ಎಂದಳು. ಅಷ್ಟೇ. ಆ ಫೋಟೋವನ್ನು ಆಲ್ಬಮ್ಮಿಗೆ ಕೊಡಲಿಲ್ಲ, ತನ್ನ ಹತ್ತಿರ ಇಟ್ಟುಕೊಂಡಳು. ಸುನಂದಾ ಹಟ ಮಾಡಿ ಇನ್ನೊಂದು ಪ್ರತಿ ತೆಗೆಸಿಕೊಂಡು ಹೋದಳು. ಅವಳ ಮಕ್ಕಳು ಈಗ ಅದನ್ನು ತೋರಿಸಿ ನನ್ನ ಹೆಸರು ಹೇಳುತ್ತಾರೆ.

ಈಗ ಎಷ್ಟೋ ವರ್ಷಗಳಾದವು. ಲೆಕ್ಕ ಹಾಕುವುದು ಬಿಟ್ಟಿಲ್ಲ, ಅದು ಹೊಂದಿಯೂ ಇಲ್ಲ. ಅದು ಕಳ್ಳನಾಗಿದ್ದರೆ ಬಂಗಾರ ಬಿಟ್ಟು ಹೋಗುತ್ತಿರಲಿಲ್ಲ. ನಾನಾಗಿದ್ದರೆ ಬೇವಿನ ಮರದ ಕೆಳಗೆ ಕೂತವನು ಯಾರು? ಅಕ್ಕ ಆ ದಿನ ಬಾಗಿಲ ಬೆಳಕಿನಲ್ಲಿ ಕಂಡದ್ದು ನಾನು ಊಹಿಸುವ ಹಾಗೆ ನಮ್ಮ ಭಾವನನ್ನೇ ಎಂದಾದರೆ, ನನ್ನ ಹಿಂಡಿ ಚೀಲದ ಗುಟ್ಟು, ನನ್ನ ಗಂಟು ಆತನಿಗೆ ಹೇಗೆ ತಿಳಿಯಿತು? ಆತ ಸತ್ತಾಗ ನಾನಿನ್ನೂ ಸ್ಟೇಷನ್ನಿನಲ್ಲಿ ಬಾಳೆಹಣ್ಣಿನ ಬುಟ್ಟಿ ಹೊತ್ತಿದ್ದೆ. ಕೇಳಿದವರಿಗೆಲ್ಲ ಸಲಹೆ ಕೊಡುವ ನಾನು ಈ ವಿಷಯದಲ್ಲಿ ಹೇಳಬಲ್ಲದ್ದು ಇಷ್ಟು: ಮನೆಯ ಸಮಾರಂಭದಲ್ಲಿ ಫೋಟೋ ತೆಗೆಸಿ, ಹಿಂದೆ ನಿಂತವರ ಮುಖಕ್ಕೆ ಬೆಳಕು ಬೀಳುವ ಹಾಗೆ ತೆಗೆಸಿ. ಅದರಿಂದ ನೆನಪು ಉಳಿಯುತ್ತದೆಯೇ, ಬದಲಾಗುತ್ತದೆಯೇ ಎಂದು ನನ್ನನ್ನು ಕೇಳಬೇಡಿ.

ಐಗಳಿಗೆ ನಾನು ಈಗಲೂ ಹೋಗುತ್ತೇನೆ. ಅಕ್ಕ ನೀರು ಕೊಡುತ್ತಾಳೆ, ಬಿಸಿ ರೊಟ್ಟಿ ಹಾಕುತ್ತಾಳೆ, ಮಳೆ ಬೆಳೆ ಮಾತಾಡುತ್ತಾಳೆ. ಖೋಲಿಯ ಬಾಗಿಲು ತೆರೆದೇ ಇರುತ್ತದೆ. ಯಾರ ಕೈಯಲ್ಲಿ ಕೊಟ್ಟೆ ಎಂದು ಆ ಫೋಟೋ ನೋಡಿದ ಮೇಲೆ ಅವಳು ಒಮ್ಮೆಯೂ ಕೇಳಿಲ್ಲ. ಏನು ಕಂಡೆ ಎಂದು ಅವಳನ್ನು ಕೇಳುವ ಧೈರ್ಯ ನನಗೂ ಬಂದಿಲ್ಲ.